ನಂಬಿಕೆಯ ಹೆಸರಲ್ಲಿ ಒಂದು ಲೋಟ

"ಎತೇರಿ ಚಿಕ್ಕಮ್ಮಾ, ನಿಮ್ಮ ಫೋಟೋ ನೋಡಿದ್ರಾ? ಒಳ್ಳೇ ಸಿನಿಮಾ ತಾರೆ ಥರ ಇದ್ದೀರ!" ಎನ್ನುತ್ತ ಮ್ಯಾನೇಜರ್ ಮಾಮುಕಾ ಹೊಳೆಯುವ ಪುಸ್ತಕವನ್ನು ಅವಳ ತಟ್ಟೆಯ ಪಕ್ಕಕ್ಕಿಟ್ಟ. ಜಾರ್ಜಿಯಾದ ಕುತೈಸಿ ಊರಿನ ಉಳಿತಾಯ ಬ್ಯಾಂಕಿಗೆ ನೂರು ವರ್ಷ ತುಂಬಿದ ಔತಣ. ಪುಸ್ತಕ ಅದರ ಇತಿಹಾಸ.

ಎತೇರಿ ಪುಟ ತಿರುಗಿಸಿದಳು. ಎಂಬತ್ತೆಂಟನೇ ಇಸವಿ: ಅತ್ಯುತ್ತಮ ಕ್ಯಾಷಿಯರ್, ಎತೇರಿ. ಮುಂದಿನ ಪುಟದಲ್ಲಿ ಎರಡು ಸಾವಿರದ ಆರು: ಗಾಜಿನ ಹೊಸ ಕಟ್ಟಡ.

"ನಡುವಿನ ಹದಿನೆಂಟು ವರ್ಷ ಎಲ್ಲಿ ಹೋಯ್ತಪ್ಪಾ? ಇಲಿ ತಿಂತಾ?"

"ಅಯ್ಯೋ, ಆ ಮಾತು ಈಗ್ಯಾಕೆ ಚಿಕ್ಕಮ್ಮಾ? ಸೋವಿಯತ್ ಮುಳುಗಿತು, ರೂಬಲ್ಲೂ ಮುಳುಗಿತು. ಅದರಲ್ಲಿ ನಮ್ಮ ತಪ್ಪೇನಿದೆ? ಎದ್ದು ನಿಂತು ಜನರ ನಂಬಿಕೆಯ ಹೆಸರಲ್ಲಿ ಒಂದು ಲೋಟ ವೈನ್ ಎತ್ತಿಬಿಡಿ. ಟೀವಿಯವರು ಕಾಯ್ತಿದಾರೆ."

ನಂಬಿಕೆ! ಎತೇರಿಯ ಮೈಯೆಲ್ಲ ಉರಿದುಹೋಯಿತು. ರೂಬಲ್ ಕರಗುತ್ತಿದ್ದ ದಿನಗಳಲ್ಲಿ ಅವಳ ಬೀದಿಯವರೆಲ್ಲ ಹಣ ತೆಗೆಯಲು ಬಂದಿದ್ದರು. 'ತೆಗೀಬೇಡ್ರೋ, ಸರ್ಕಾರದ ಬ್ಯಾಂಕು ಎಲ್ಲಿಗೆ ಓಡಿಹೋಗುತ್ತೆ?' ಎಂದು ವಾಪಸು ಕಳಿಸಿದ್ದು ಇದೇ ಬಾಯಿ. ಮೇಲಿನವರು ಹಾಗೆ ಹೇಳಿಸಿದ್ದರು. ಅವಳು ಅವರನ್ನು ನಂಬಿದ್ದಳು, ಬೀದಿ ಅವಳನ್ನು ನಂಬಿತ್ತು. ಅಂದಿನಿಂದ ಇಂದಿನವರೆಗೆ ಆ ಬೀದಿಯಲ್ಲಿ ತಲೆ ತಗ್ಗಿಸಿ ನಡೆದವಳು ಅವಳೊಬ್ಬಳೇ.

ಎದ್ದಳು. ಲೋಟ ಎತ್ತಿದಳು. "ತೀರಿಕೊಂಡವರಿಗೆ."

ಕುರ್ಚಿಗಳು ದಡಬಡ ಸರಿದವು. ತೀರಿಕೊಂಡವರ ಹೆಸರಲ್ಲಿ ಲೋಟ ಎದ್ದ ಮೇಲೆ ಕೂತೇ ಇರುವವನು, ನಡುವೆ ಬಾಯಿ ಹಾಕುವವನು ಜಾರ್ಜಿಯಾದಲ್ಲಿ ಮನುಷ್ಯನೇ ಅಲ್ಲ. ಮಾಮುಕಾನೂ ಎದ್ದ.

"ವಾರ್ಲಾಂ," ಎಂದು ಎತೇರಿ, ಸತ್ತವರ ಪಾಲು ಸಲ್ಲಿಸುವ ವಾಡಿಕೆಯಂತೆ, ರೊಟ್ಟಿಯ ತುಂಡಿನ ಮೇಲೆ ವೈನ್ ತೊಟ್ಟಿಕ್ಕಿಸಿದಳು. "ಮಗನ ಆಪರೇಷನ್ನಿಗೆ ಅಂತ ಕೂಡಿಟ್ಟಿದ್ದ. ಆ ಹಣಕ್ಕೆ ಕೊನೆಗೆ ಎರಡು ರೊಟ್ಟಿ ಬಂತು." ಇನ್ನೊಂದು ತೊಟ್ಟು. "ಗುಲ್ನಾರಾ. ತನ್ನ ಮಣ್ಣಿನ ಖರ್ಚಿಗೆ ಅಂತ ಇಟ್ಟಿದ್ಲು. ಕೊನೆಗೆ ಅವಳ ಮನೆ ಬಾಗಿಲು ಕಿತ್ತು ಹೆಣದ ಪೆಟ್ಟಿಗೆ ಮಾಡಿದ್ವಿ."

"ಚಿಕ್ಕಮ್ಮಾ, ಕ್ಯಾಮೆರಾ ಓಡ್ತಿದೆ..." ಮಾಮುಕಾ ಹಲ್ಲು ಕಚ್ಚಿ ಪಿಸುಗುಟ್ಟಿದ.

"ನಿಂತ್ಕೊಳ್ಳೋ ಸುಮ್ನೆ! ಹದಿನೆಂಟು ವರ್ಷ ನುಂಗಿದವನಿಗೆ ಹದಿನೆಂಟು ನಿಮಿಷ ನಿಲ್ಲಕ್ಕಾಗಲ್ವಾ?"

ಬಡಿಸುತ್ತಿದ್ದ ಹೆಂಗಸು ಮಾಂಸದ ತಟ್ಟೆಯನ್ನು ಅಲ್ಲೇ ಕೆಳಗಿಟ್ಟಳು. "ನಮ್ಮಮ್ಮನ್ನೂ ಸೇರಿಸಿ. ಲಮಾರಾ ಅಂತ."

ಗೋಡೆಯ ಕಡೆಯಿಂದ ಇನ್ನೊಂದು ಹೆಸರು ಬಂತು. ಆಮೇಲೆ ಕ್ಯಾಮೆರಾದ ಹಿಂದಿನಿಂದ ಮತ್ತೊಂದು.

ರೊಟ್ಟಿ ನೆನೆದು ಕೆಂಪಗೆ ಮುದ್ದೆಯಾಗಿ ಬೆರಳ ಸಂದಿಯಿಂದ ಜಾರಿತು. ಎತೇರಿ ಇನ್ನೊಂದು ತುಂಡು ಮುರಿದುಕೊಂಡಳು.