ರಾಗಿ ಕುಡಿದ ಕಾರು

ರಾಗಿ ಹಿಟ್ಟು ಕುದಿಯುವ ವಾಸನೆ ಬಂದರೆ ನನಗೆ ಈಗಲೂ ಅಡುಗೆಮನೆಗಿಂತ ಮೊದಲು ಅಪ್ಪನ ಹಳೇ ಕಾರು ನೆನಪಾಗುತ್ತದೆ.

ಯುದ್ಧದ ಕಾಲ. ಊರೂರು ಓಡಿ ಹಣ್ಣಾಗಿದ್ದ ಆ ಕಾರನ್ನು ಕೊಳ್ಳಲು ಮಳವಳ್ಳಿ ಕಡೆಯ ಗೌಡರೊಬ್ಬರು ಮದ್ದೂರಿನ ನಮ್ಮ ಮನೆಗೆ ಬಂದಿದ್ದರು. ರೇಡಿಯೇಟರು ಸೋರುವುದು ನಿಲ್ಲಲೆಂದು ಅಪ್ಪ ಬೆಳಿಗ್ಗೆಯೇ ಅದರ ನೀರಿಗೆ ಎರಡು ಹಿಡಿ ರಾಗಿ ಹಿಟ್ಟು ಕಲಸಿದ್ದ. "ಯಾರ್ಗೂ ಬಾಯಿ ಬುಡ್ಬ್ಯಾಡ ಕಣವ್ವ" ಎಂದು ನನಗೆ ಹೇಳಿದ್ದ.

ಗೌಡರು ಟೈರನ್ನು ಹೆಬ್ಬೆರಳಿನಿಂದ ಒತ್ತಿದರು, ಸೀಟಿನಡಿ ಬಗ್ಗಿ ನೋಡಿದರು, ಅಪ್ಪನ ಮುಖವನ್ನೂ ಹಾಗೇ ನೋಡಿದರು. ಆಮೇಲೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿಂಷಾ ಸೇತುವೆವರೆಗೆ ಓಡಿಸಿಕೊಂಡು ಬಂದರು. ಮನೆ ಮುಂದೆ ನಿಲ್ಲಿಸಿದಾಗ ಬಾನೆಟ್ಟಿನಿಂದ ಬಿಸಿ ಹಬೆ ಎದ್ದಿತು. ಗೌಡರು ಮೂಗು ಅರಳಿಸಿದರು.

"ಏನಪ್ಪ, ಮುದ್ದೆ ವಾಸ್ನೆ?"

"ಒಳ್ಗೆ ನಮ್ಮನೆಯೋರು ಮುದ್ದೆಗೆ ಎಸ್ರು ಇಟ್ಟವ್ರೆ ಗೌಡ್ರೇ" ಎಂದ ಅಪ್ಪ.

ಗೌಡರು ಕೈ ಒರೆಸಿಕೊಂಡು ಜಗಲಿಯ ಮೇಲೆ ನಿಧಾನವಾಗಿ ಕೂತರು. "ಅಂಗಾರೆ ಉಂಡ್ಕಂಡೇ ಓಯ್ತೀನಿ. ಎಲೆ ಆಕ್ಸು."

ಅಪ್ಪ ನನ್ನ ಮುಖ ನೋಡಿದ. ಅವ್ವ ಹಿಂದಿನ ದಿನವೇ ದುದ್ದದ ತವರಿಗೆ ಹೋಗಿದ್ದಳು. ಒಳಗೆ, ತಣ್ಣಗಿದ್ದ ಒಲೆಯಲ್ಲಿ ಬೆಕ್ಕು ಮಲಗಿತ್ತು.