ತಾನೇ ಕಿತ್ತ ಲೈನು

ಎಂಟರ್ ಒತ್ತಿದ ಮೇಲೆಯೇ ಅವಳಿಗೆ ಹೊಳೆದದ್ದು: ನೀಲಿ ಪರದೆಯ ಮೆನುವಿನಲ್ಲಿ ತಾನು ಬಂದ್ ಮಾಡಿದ್ದು ಕೆಟ್ಟ ಲೈನನ್ನಲ್ಲ, ದೂರದ ಆಸ್ಪತ್ರೆಯ ಸರ್ವರಿನೊಳಕ್ಕೆ ತಾನು ಆಫೀಸಿನಿಂದ ಹೊಕ್ಕಿದ್ದ ಲೈನನ್ನೇ. ಕರ್ಸರ್ ಮಿಟುಕದೆ ನಿಂತಿತು. ಆ ಲೈನಿಲ್ಲದೆ ಇನ್ನು ಅಲ್ಲಿಯ ಲ್ಯಾಬಿನ ಒಂದು ರಿಪೋರ್ಟೂ ವಾರ್ಡಿಗೆ ಹೋಗದು. ಬೆಳಗಿನಿಂದ ಕೀಲಿ ಒತ್ತಿ ಒತ್ತಿ ಬೆರಳು ಮರಗಟ್ಟಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ.

ಮೊನ್ನೆಯಷ್ಟೇ ನಿವೃತ್ತರಾದ, ಆಫೀಸೆಲ್ಲ ದೊಡ್ಡಪ್ಪ ಎಂದು ಕರೆಯುತ್ತಿದ್ದ ಹಿರಿಯರಿಗೆ ಫೋನ್ ಮಾಡಿ ಆದದ್ದನ್ನು ಹೇಳಿದಳು.

"ಒಳಗೆ ಕೂತು ಅದೇ ಲೈನ್ ಕಿತ್ತೆಯೇನಮ್ಮ?" ಅವರು ನಕ್ಕರು. "ನಾನೂ ಒಂದ್ಸಲ ಕಿತ್ತಿದ್ದೆ. ಆಮೇಲೆ ಎಲ್ಲಾ ಆಸ್ಪತ್ರೆಗೂ ಒಂದು ಕಾವಲು ಪ್ರೋಗ್ರಾಂ ಬರೆದಿಟ್ಟೆ. ಯಾರು ಕಿತ್ರೂ ಸ್ವಲ್ಪ ಹೊತ್ತಿಗೆ ತಾನೇ ಜೋಡಿಸುತ್ತೆ. ಏನೂ ಮುಟ್ಬೇಡ, ಕಾಯಿ."

ದೊಡ್ಡಪ್ಪ ಬರೆದಿಟ್ಟಿದ್ದನ್ನೆಲ್ಲ ಅಳಿಸಿಹಾಕಲು ಮ್ಯಾನೇಜರ್ ಹೇಳಿದ್ದರು. ಬೆಳಗಿನಿಂದ ಅವಳು ಮಾಡುತ್ತಿದ್ದದ್ದೇ ಅದು. ಮಿಕ್ಕ ಆಸ್ಪತ್ರೆಗಳದ್ದು ಮುಗಿದಿತ್ತು. ಈ ಆಸ್ಪತ್ರೆಯದನ್ನು ಅಳಿಸಿದ್ದೆನೋ ಬಿಟ್ಟಿದ್ದೆನೋ, ದಣಿದ ತಲೆಗೆ ನೆನಪಾಗಲಿಲ್ಲ.

ಕರ್ಸರ್ ಮಿಟುಕಿತು.

"ಬಂತು ದೊಡ್ಡಪ್ಪ."

"ಬರದೆ ಏನು? ಅದನ್ನ ಅಳಿಸೋರು ಯಾರಿದ್ದಾರೆ ಅಲ್ಲಿ?"

"ಯಾರೂ ಇಲ್ಲ," ಎಂದಳು ಅವಳು, ಕೀಲಿಗಳ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತ.