ಹತ್ತಕ್ಕೆ ಎಷ್ಟು

ನೋಯುವುದಿಲ್ಲ ಎಂದು ನಂಬಿಸಿ ಇಂಜೆಕ್ಷನ್ ಹಾಕಿಸಿದ ದಿನ, ನಾಲ್ಕು ವರ್ಷದ ಮಗಳು ಅಳುತ್ತಲೇ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು: ಇನ್ನು ಯಾವತ್ತೂ ಅವಳಿಗೆ ಸುಳ್ಳು ಹೇಳುವಂತಿಲ್ಲ. ಮೂವತ್ತು ವರ್ಷ ಹೇಳಿರಲಿಲ್ಲ.

ಇವತ್ತು ಅವಳ ಸರ್ಕಾರಿ ನರ್ಸ್ ಕೆಲಸದ ಪರೀಕ್ಷೆ. ವಯಸ್ಸಿನ ಮಿತಿ ಮುಗಿಯುತ್ತಿದೆ, ಇದೇ ಕೊನೆಯ ಸಲ. ಅರವತ್ತು ದಿನದ ಓದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಟ್ಟವಳು ನಾನೇ.

“ಅಮ್ಮಾ, ದಿನಾ ಹತ್ತು ಪ್ರಶ್ನೆ ಬಿಡಿಸ್ಲಾ?” ಎಂದು ಕೇಳಿದ್ದಳು.

“ಮೊದ್ಲು ಓದಿ ಮುಗಿಸೇ. ಪ್ರಶ್ನೆಗಳೇನು ಓಡಿಹೋಗ್ತಾವಾ?” ಎಂದು ಎಲ್ಲವನ್ನೂ ಕೊನೆಯ ವಾರಕ್ಕೆ ತಳ್ಳಿದ್ದೆ. ಆ ವಾರ ಅವಳು ಜ್ವರದಿಂದ ಮಲಗಿದಳು.

ಪರೀಕ್ಷೆಗೆ ಹೋಗುವ ಬಸ್ಸಿನಲ್ಲಿ, ಪ್ರಶ್ನೆಪುಸ್ತಕ ತೆರೆದು ಹತ್ತು ಪ್ರಶ್ನೆ ಕೇಳಿದೆ. ಅವಳು ತಡವರಿಸದೆ ಉತ್ತರ ಹೇಳಿದಳು. ಕೊನೆಯ ಪುಟದ ಸರಿಯುತ್ತರಗಳ ಮೇಲೆ ಬೆರಳಾಡಿಸಿದೆ. ಎರಡು ಮಾತ್ರ ಸರಿಯಿದ್ದವು.

“ಎಷ್ಟಮ್ಮಾ?”

“ತಾಳೇ, ಕನ್ನಡಕ ಒರೆಸ್ಕೋತೀನಿ.”

“ಇಂಜೆಕ್ಷನ್ ಹಾಕ್ಸೋಕೆ ಕರ್ಕೊಂಡು ಹೋಗೋಳ ಥರ ಮುಖ ಮಾಡ್ಬೇಡ. ಎಷ್ಟಾದ್ರೂ ಹೇಳು. ನೀನು ಹೇಳಿದ್ರೆ ನಂಬ್ತೀನಿ.”

ಬಸ್ಸು ಪರೀಕ್ಷಾ ಕೇಂದ್ರದ ಮುಂದೆ ನಿಂತಿತು. ಅವಳು ಇಳಿಯದೆ ನನ್ನನ್ನೇ ನೋಡುತ್ತಿದ್ದಳು.

“ಒಂಬತ್ತು” ಎಂದೆ.